ಊರಿನ ಕಲೆಗೆ ಸರ್ಕಾರಿ ದುಡ್ಡು ಕೇಳುವುದು ಹೇಗೆ: ವಾರ್ಡ್ ಸಭೆಯಿಂದ ಬಳಕೆ ಪ್ರಮಾಣಪತ್ರದವರೆಗೆ

ಊರಿನ ಕಲಾ ತಂಡದವರು ಶಾಸಕರಿಗೆ ಶಾಲು ಹೊದಿಸುತ್ತಾರೆ, ಮನವಿ ಪತ್ರ ಕೊಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಮರುದಿನ ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಅಲ್ಲಿಗೆ ಮುಗಿಯಿತು. ಹವ್ಯಾಸಿ ನಾಟಕ ತಂಡವಿರಲಿ, ಡೊಳ್ಳಿನ ಸಂಘವಿರಲಿ, ದೊಡ್ಡಾಟದ ಮೇಳವಿರಲಿ, ಯಾರನ್ನು ಕೇಳಿದರೂ ಒಂದೇ ಮಾತು: "ಕೊಟ್ಟಿದ್ವಿ ಸಾರ್, ಏನೂ ಆಗಲಿಲ್ಲ."

ಬಹಳ ಸಲ ಇದಕ್ಕೆ ಯಾರ ಕೆಟ್ಟತನವೂ ಕಾರಣ ಇರುವುದಿಲ್ಲ. ಹಣ ಇಲ್ಲದ ಬಾಗಿಲು ಬಡಿದಿರುತ್ತೇವೆ. ಅದೂ ಹಂಚಿಕೆ ಮುಗಿದ ತಿಂಗಳಲ್ಲಿ. ಎಷ್ಟು, ಯಾತಕ್ಕೆ ಅಂತಲೂ ಹೇಳಿರುವುದಿಲ್ಲ. ಸರ್ಕಾರಿ ಹಣ ಹೊರಗೆ ಬರಬೇಕಾದರೆ ಮೊದಲು ಯಾವುದಾದರೂ ಒಂದು ಪುಸ್ತಕದಲ್ಲಿ ಅದಕ್ಕೊಂದು ಸಾಲು ಇರಬೇಕು. ಪಂಚಾಯಿತಿಯ ಕ್ರಿಯಾ ಯೋಜನೆ (ಆ ವರ್ಷ ಮಾಡುವ ಕೆಲಸಗಳ ಪಟ್ಟಿ) ಇರಬಹುದು, ಪುರಸಭೆಯ ಬಜೆಟ್ ಇರಬಹುದು, ಇಲಾಖೆಯ ಲೆಕ್ಕಶೀರ್ಷಿಕೆ (ಬಜೆಟ್‌ನಲ್ಲಿ ಖರ್ಚಿನ ಬಾಬ್ತಿಗೆ ಕೊಟ್ಟ ಸಂಖ್ಯೆ) ಇರಬಹುದು. ಆ ಸಾಲು ಹಾಕಿಸುವ ಕೆಲಸವೇ ಈ ಬರಹದ ವಿಷಯ. ಕಲೆ ಯಾಕೆ ಬೇಕು ಅನ್ನುವ ಭಾಷಣ ಇಲ್ಲಿಲ್ಲ. ಅದು ನಿಮಗೆ ಗೊತ್ತೇ ಇದೆ.

## ಮೊದಲು ಕೈಯಲ್ಲಿ ಏನೇನಿರಬೇಕು

ಒಂದು ಫೈಲು ಮಾಡಿ. ಅದರಲ್ಲಿ ಇವಿಷ್ಟು ಇರಲಿ:

- ಸಂಘದ ನೋಂದಣಿ ಪತ್ರ ಮತ್ತು ಬೈಲಾ (ಸಂಘದ ನಿಯಮಾವಳಿ)
- ಈಗಿನ ಕಾರ್ಯಕಾರಿ ಸಮಿತಿಯ ಪಟ್ಟಿ
- ಸಂಘದ ಹೆಸರಿನ ಪ್ಯಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್
- ಕಳೆದ 3 ವರ್ಷದ ಲೆಕ್ಕಪರಿಶೋಧನಾ ವರದಿ
- ಕಾರ್ಯಕ್ರಮಗಳ ಕರಪತ್ರ, ಪೇಪರ್ ಕಟಿಂಗ್, ದಿನಾಂಕ ಇರುವ ಫೋಟೊ
- ಕೊಟ್ಟ ಪ್ರತಿ ಪತ್ರದ ಸ್ವೀಕೃತಿ ಮುದ್ರೆ ಇರುವ ನಕಲು

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ 7 ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಾಯಿಸುವುದು ಸುಲಭ. ಜನ ಎಡವುವುದು ಆಮೇಲೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಬೇಕು, ಸಮಿತಿಯ ಪಟ್ಟಿ ಮತ್ತು ಆಡಿಟ್ ಲೆಕ್ಕವನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಕೊಡಬೇಕು. ಬಹಳಷ್ಟು ತಂಡಗಳು ನೋಂದಣಿ ದಿನ ಪೇಢೆ ಹಂಚಿದ್ದು ಬಿಟ್ಟರೆ ಮತ್ತೆ ಆ ಕಚೇರಿಯ ಕಡೆ ತಲೆ ಹಾಕಿರುವುದಿಲ್ಲ. ಬಾಕಿ ವರ್ಷಗಳಿಗೆ ದಂಡ ಕಟ್ಟಿ ಸರಿಪಡಿಸಿಕೊಳ್ಳಬಹುದು, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಅರ್ಜಿ ಕರೆದ ಮೇಲೆ ಓಡಾಡಿದರೆ ಆಗುವುದಿಲ್ಲ. ಈ ವಾರವೇ ಹೋಗಿ.

ನೋಂದಣಿ ಇಲ್ಲದ ತಂಡ ಸುಮ್ನೆ ಕೂರಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ವಾರ್ಡ್ ಸಭೆಯಲ್ಲಿ ಎದ್ದು ಮಾತಾಡಲು ಯಾವ ಪ್ರಮಾಣಪತ್ರವೂ ಬೇಡ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ರಂಗಮಂದಿರ ರಿಪೇರಿ, ವಿದ್ಯುತ್ ಸಂಪರ್ಕ, ಮಕ್ಕಳ ಶಿಬಿರ, ಇಂಥವನ್ನು ಪಂಚಾಯಿತಿಯೇ ಮಾಡಬೇಕು ಅಂತ ಕೇಳುವಾಗ ಹಣ ನಿಮ್ಮ ಖಾತೆಗೆ ಬರುವುದೇ ಇಲ್ಲವಲ್ಲ.

## ಹಂತ 1: ಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಕಲೆಗೆ ಪ್ರೋತ್ಸಾಹ ಕೊಡಿ" ಎಂದರೆ ಯಾವ ಗುಮಾಸ್ತರಿಗೂ ಕಡತ ತೆರೆಯಲು ಆಗುವುದಿಲ್ಲ. ಯಾವ ಕೆಲಸ, ಎಲ್ಲಿ, ಎಷ್ಟು ಹಣ, ಯಾವ ವರ್ಷ, ಈ ನಾಲ್ಕೂ ಒಂದು ವಾಕ್ಯದಲ್ಲಿ ಬರಬೇಕು.

ಬೇಡಿಕೆಗಳು ಸಾಮಾನ್ಯವಾಗಿ ನಾಲ್ಕು ಜಾತಿಯವು. ಕಟ್ಟಡ ಅಥವಾ ಸಾಮಾನು ಒಂದು. ಒಂದು ಸಲದ ಕಾರ್ಯಕ್ರಮ ಇನ್ನೊಂದು. ಪ್ರತಿ ವರ್ಷ ನಡೆಯಬೇಕಾದ ಶಿಬಿರ, ತರಗತಿ, ಉತ್ಸವ ಮೂರನೆಯದು. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ರಿಯಾಯಿತಿ. ಪುರಸಭೆಯ ಪುರಭವನ ಸ್ಥಳೀಯ ತಂಡಗಳಿಗೆ ತಿಂಗಳಿಗೊಂದು ದಿನ ಕಡಿಮೆ ಬಾಡಿಗೆಗೆ ಸಿಗಬೇಕು, ಸರ್ಕಾರಿ ಶಾಲೆಯ ಕೊಠಡಿ ಸಂಜೆ ತಾಲೀಮಿಗೆ ಸಿಗಬೇಕು, ಇಂಥ ಬೇಡಿಕೆಗೆ ಬೊಕ್ಕಸದಿಂದ ಹೊಸ ಹಣ ಬೇಕಿಲ್ಲ. ಪುರಭವನಕ್ಕೆ ಒಂದು ಠರಾವು, ಶಾಲೆಗೆ ಶಿಕ್ಷಣ ಇಲಾಖೆಯ ಒಪ್ಪಿಗೆ, ಅಷ್ಟೇ. ಮೊದಲ ಸಲ ಕೇಳುವವರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒಂದು ಸಣ್ಣ ಕೆಲಸ ಆದರೆ ಆಫೀಸಿನವರಿಗೆ ನಿಮ್ಮ ಮುಖ ಪರಿಚಯ ಆಗುತ್ತದೆ. ಸರ್ಕಾರ ಹೇಗೆ ನಡೆಯುತ್ತದೆ ಅನ್ನುವುದು ನಿಮಗೂ ತಿಳಿಯುತ್ತದೆ.

ಸಾಮಾನ್ಯ ತಪ್ಪು: ಒಂದೇ ಪತ್ರದಲ್ಲಿ ರಂಗಮಂದಿರ, ಮಾಸಾಶನ, ವಾದ್ಯ, ಉತ್ಸವ ಎಲ್ಲವನ್ನೂ ತುಂಬುವುದು. ಆ ಪತ್ರವನ್ನು ಯಾವ ಶಾಖೆಗೆ ಕಳಿಸಬೇಕು ಅಂತ ಅವರಿಗೇ ತಿಳಿಯುವುದಿಲ್ಲ. ಒಂದು ವಿಷಯ, ಒಂದು ಪತ್ರ.

## ಹಂತ 2: ಹಣ ಯಾವ ಬಾಗಿಲಲ್ಲಿದೆ ಅಂತ ಪತ್ತೆ ಮಾಡಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಸೋಲುವ ಮನವಿಗಳಲ್ಲಿ ಬಹುಪಾಲು ಇಲ್ಲೇ ಸೋತಿರುತ್ತವೆ.

ಗ್ರಾಮ ಪಂಚಾಯಿತಿ. "ಕಲೆ ನಮ್ಮ ವ್ಯಾಪ್ತಿಗೆ ಬರಲ್ಲ" ಅಂತ ಹೇಳಿದರೆ ಒಪ್ಪಬೇಡಿ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಪಟ್ಟಿ ಮಾಡಿದ 29 ವಿಷಯಗಳಲ್ಲಿ 21ನೆಯದು ಸಾಂಸ್ಕೃತಿಕ ಚಟುವಟಿಕೆ, 20ನೆಯದು ಗ್ರಂಥಾಲಯ. ಆದರೆ ಹಣದ ವಿಷಯದಲ್ಲಿ ವಾಸ್ತವ ಗೊತ್ತಿರಲಿ. ಕೇಂದ್ರ ಹಣಕಾಸು ಆಯೋಗದ ಅನುದಾನದ ದೊಡ್ಡ ಪಾಲು ನೀರು, ನೈರ್ಮಲ್ಯಕ್ಕೆ ಕಟ್ಟುಹಾಕಿ ಬರುತ್ತದೆ. ನೀವು ಕಣ್ಣಿಡಬೇಕಾದದ್ದು ಸ್ವಂತ ವರಮಾನದ ಮೇಲೆ: ಮನೆ ತೆರಿಗೆ, ಸಂತೆ ಸುಂಕ, ಅಂಗಡಿ ಬಾಡಿಗೆ. ಹೆದ್ದಾರಿ ಪಕ್ಕದ ಅಥವಾ ಕೈಗಾರಿಕೆ ಇರುವ ಪಂಚಾಯಿತಿಗೆ ಈ ವರಮಾನ ಚೆನ್ನಾಗಿರುತ್ತದೆ. ಒಳನಾಡಿನ ಸಣ್ಣ ಪಂಚಾಯಿತಿಗೆ ಸಿಬ್ಬಂದಿ ಸಂಬಳಕ್ಕೇ ಸಾಲದು. ಅಂಥ ಕಡೆ ಕಾರ್ಯಕ್ರಮಕ್ಕೆ ದುಡ್ಡು ಕೇಳದೆ, ಜಾಗ, ಕರೆಂಟು, ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಕೊಠಡಿ ಕೇಳಿ.

ಪುರಸಭೆ, ನಗರಸಭೆ, ಪಾಲಿಕೆ. 12ನೇ ಅನುಸೂಚಿಯ 18 ವಿಷಯಗಳಲ್ಲಿ 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಅಂಶಗಳ ಉತ್ತೇಜನ. ಜೊತೆಗೆ ನಗರ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ ಶೇ 24.10ರಷ್ಟು, ಗ್ರಾಮ ಪಂಚಾಯಿತಿಗಳು ಸ್ವಂತ ವರಮಾನದ ಶೇ 25ರಷ್ಟು ತೆಗೆದಿಡುತ್ತವೆ. ತಮಟೆ, ಹಲಗೆ ಮೇಳಗಳು ಇರುವ ಊರಲ್ಲಿ ಈ ಹಣದಿಂದ ವಾದ್ಯ, ತರಬೇತಿ ಕೊಡಬಹುದೇ ಅಂತ ಮಾರ್ಗಸೂಚಿಯನ್ನೇ ತೆಗೆಸಿ ಓದಿ. ಬಾಯಿಮಾತಿನ "ಆಗಲ್ಲ" ಸಾಕಾಗುವುದಿಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಕೇಂದ್ರ ಕಚೇರಿ. ನಿಮಗೆ ಬೇಕಾದವರು ಜಿಲ್ಲೆಯ ಸಹಾಯಕ ನಿರ್ದೇಶಕರು. ಸಂಘ ಸಂಸ್ಥೆಗಳಿಗೆ ಧನಸಹಾಯ, ಪ್ರಾಯೋಜಿತ ಕಾರ್ಯಕ್ರಮ, ವಾದ್ಯ ಪರಿಕರ ಮತ್ತು ವೇಷಭೂಷಣಕ್ಕೆ ನೆರವು, ಹಿರಿಯ ಕಲಾವಿದರ ಮಾಸಾಶನ ಇಲ್ಲಿಂದ ಬರುತ್ತವೆ. ಪರಿಶಿಷ್ಟ ಜಾತಿಯವರ ವಿಶೇಷ ಘಟಕ ಯೋಜನೆ ಮತ್ತು ಪರಿಶಿಷ್ಟ ಪಂಗಡದವರ ಗಿರಿಜನ ಉಪಯೋಜನೆಯ ಹಣ ಬೇರೆಯೇ ಇರುತ್ತದೆ, ಅದಕ್ಕೆ ಅರ್ಜಿಯೂ ಬೇರೆ. ಧನಸಹಾಯದ ಅರ್ಜಿಯನ್ನು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಹಾಕಬೇಕಾಗುತ್ತದೆ.

ಅಕಾಡೆಮಿಗಳು. ನಾಟಕ, ಸಂಗೀತ ನೃತ್ಯ, ಜಾನಪದ, ಯಕ್ಷಗಾನ, ಲಲಿತಕಲೆ, ಶಿಲ್ಪಕಲೆ, ಬಾಗಲಕೋಟೆಯ ಬಯಲಾಟ ಅಕಾಡೆಮಿ, ಜೊತೆಗೆ ತುಳು, ಕೊಡವ, ಕೊಂಕಣಿ, ಬ್ಯಾರಿ, ಅರೆಭಾಷೆಗೆ ಒಂದೊಂದು. ಇವುಗಳ ಹಣ ಕಡಿಮೆ. ಆದರೆ ಶಿಬಿರ, ಕಮ್ಮಟ, ದಾಖಲೀಕರಣದಂಥ ಕೆಲಸಕ್ಕೆ ಸರಿಯಾದ ಬಾಗಿಲು ಇದೇ. ಅಧ್ಯಕ್ಷರ ಅವಧಿ ಮುಗಿದು ಹೊಸಬರು ಬರುವ ತನಕ ಇಲ್ಲಿ ಕೆಲಸ ನಿಂತಿರುತ್ತದೆ. ಅದನ್ನು ನೋಡಿಕೊಂಡು ಹೋಗಿ.

ಶಾಸಕ, ಸಂಸದರ ನಿಧಿ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂ. ಈ ಹಣದಿಂದ ಬಾಳಿಕೆ ಬರುವ ಆಸ್ತಿ ಮಾತ್ರ ಮಾಡಬಹುದು. ಉತ್ಸವಕ್ಕೆ, ಸಂಭಾವನೆಗೆ ಕೇಳಿದರೆ ಅವರಿಗೆ ಮನಸ್ಸಿದ್ದರೂ ಕೊಡಲು ಬರುವುದಿಲ್ಲ. ಕಟ್ಟಡ ಕೇಳುವಾಗ ಒಂದು ಎಚ್ಚರ. ನಮ್ಮ ಊರೂರಲ್ಲಿ ಬಯಲು ರಂಗಮಂದಿರ ಅಂತ ಎದ್ದು ನಿಂತಿರುವುದು ಎಂಥದ್ದು? ಒಂದು ಕಟ್ಟೆ, ನಾಲ್ಕು ಕಂಬ, ಮೇಲೊಂದು ಆರ್‌ಸಿಸಿ ತಾರಸಿ, ಎದುರಿಗೆ ದಾನಿಗಳ ಹೆಸರಿನ ಕಲ್ಲು. ಬಣ್ಣದ ಕೋಣೆ ಇಲ್ಲ, ಪಕ್ಕದ ಮರೆ ಇಲ್ಲ, ಪ್ಲಗ್ ಪಾಯಿಂಟ್ ಇಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ವರ್ಷದಲ್ಲಿ ಹನ್ನೊಂದು ತಿಂಗಳು ಅದರ ಮೇಲೆ ಮೆಕ್ಕೆಜೋಳ ಒಣಗುತ್ತಿರುತ್ತದೆ. ಕಟ್ಟುವವರನ್ನು ದೂರಿ ಪ್ರಯೋಜನವಿಲ್ಲ. ಅಂದಾಜು ಪಟ್ಟಿ ತಯಾರಾಗುವಾಗ ಆಡುವವರು ಯಾರೂ ಎಂಜಿನಿಯರ್ ಹತ್ತಿರ ಹೋಗಿರಲಿಲ್ಲ, ಅಷ್ಟೇ. ನೀವು ಹೋಗಿ. ಕಟ್ಟೆಯ ಎತ್ತರ, ಅಗಲ, ಆಳ, ಹಿಂದಿನ ಬಾಗಿಲು, ವಿದ್ಯುತ್ ಲೋಡ್, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. ಜಾಗ ಸರ್ಕಾರದ್ದೋ ಪಂಚಾಯಿತಿಯದ್ದೋ ಆಗಿರಬೇಕು. ಪಹಣಿ ಅಥವಾ ಇ-ಸ್ವತ್ತು ದಾಖಲೆ ಮೊದಲೇ ತೆಗೆದಿಡಿ.

ಪ್ರದೇಶವಾರು ಮಂಡಳಿಗಳು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಗಡಿ ತಾಲ್ಲೂಕುಗಳಿಗೆ, ಕಾಸರಗೋಡು, ಅಕ್ಕಲಕೋಟೆಯಂಥ ಹೊರನಾಡಿನ ಕನ್ನಡ ಸಂಘಗಳಿಗೆ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ನೆರವು ಕೊಡುತ್ತದೆ. ಇದು ಗೊತ್ತಿರುವ ತಂಡಗಳು ಕಡಿಮೆ.

ಕೇಂದ್ರ ಸರ್ಕಾರ. ಸಂಸ್ಕೃತಿ ಸಚಿವಾಲಯದ ಗುರು–ಶಿಷ್ಯ ಪರಂಪರೆ ನೆರವು, ನಾಟಕ ನಿರ್ಮಾಣ ಮತ್ತು ಉತ್ಸವಗಳ ನೆರವು ಇವೆ. ಕೇಂದ್ರದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಸಂಘದ ನೋಂದಣಿ ಬೇಕು, ಆನ್‌ಲೈನ್ ಅರ್ಜಿ ಬೇಕು, ಬಹಳ ತಾಳ್ಮೆ ಬೇಕು. ಇಲ್ಲಿಂದ ಶುರು ಮಾಡಬೇಡಿ. ತಂಜಾವೂರಿನ ದಕ್ಷಿಣ ವಲಯ, ನಾಗ್ಪುರದ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರಗಳೆರಡರಲ್ಲೂ ಕರ್ನಾಟಕ ಸದಸ್ಯ ರಾಜ್ಯ. ತಂಡದ ವಿವರ ಅಲ್ಲಿಗೆ ಕಳಿಸಿಟ್ಟರೆ ಹೊರರಾಜ್ಯದ ಕಾರ್ಯಕ್ರಮಗಳಿಗೆ ಕರೆ ಬರುವ ಸಾಧ್ಯತೆ ಇರುತ್ತದೆ.

## ಹಂತ 3: ಕ್ಯಾಲೆಂಡರ್ ಗೋಡೆಗೆ ಅಂಟಿಸಿ

ಬಜೆಟ್ ಪಾಸಾದ ಮೇಲೆ ಮನವಿ ಕೊಡುವುದು ರಾಗಿ ಕೊಯ್ಲಿಗೆ ಬಂದಾಗ ಬಿತ್ತನೆ ಬೀಜ ತಂದ ಹಾಗೆ. ನಮ್ಮಲ್ಲಿ ಹೆಚ್ಚಿನವರು ಇದನ್ನೇ ಮಾಡುತ್ತಾರೆ. ಯಾಕೆಂದರೆ ಜಾತ್ರೆ, ಆಟ, ನಾಟಕಗಳ ಸೀಸನ್ ಜನವರಿಯಿಂದ ಮೇ. ದುಡ್ಡಿನ ನೆನಪಾಗುವುದೂ ಆಗಲೇ.

- ಏಪ್ರಿಲ್, ಮೇ: ಹಿಂದಿನ ವರ್ಷದ ಲೆಕ್ಕ ಮುಗಿಸಿ ಆಡಿಟರ್ ಕೈಗೆ ಕೊಡಿ. ಮಾಹಿತಿ ಹಕ್ಕು ಅರ್ಜಿಗೂ ಇದೇ ಸಮಯ.
- ಜೂನ್‌ನಿಂದ: ಇಲಾಖೆ, ಅಕಾಡೆಮಿಗಳ ಅರ್ಜಿ ಪ್ರಕಟಣೆಗೆ ಕಾಯಿರಿ. ತಿಂಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕೊನೆಯ ದಿನ ಸರ್ವರ್ ಕೈಕೊಡುತ್ತದೆ, ಅದೊಂದು ಬದಲಾಗುವುದಿಲ್ಲ.
- ಅಕ್ಟೋಬರ್ 2ರಿಂದ: ಮುಂದಿನ ಸಾಲಿನ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿ ಶುರು. ವಾರ್ಡ್ ಸಭೆ, ಗ್ರಾಮ ಸಭೆಗಳು ನಡೆಯುತ್ತವೆ.
- ಡಿಸೆಂಬರ್, ಜನವರಿ: ನಗರ ಸಂಸ್ಥೆಗಳ ಬಜೆಟ್ ಪೂರ್ವಭಾವಿ ಸಭೆಗಳು. ರಾಜ್ಯ ಬಜೆಟ್‌ಗೆ ಇಲಾಖೆಗಳು ಪ್ರಸ್ತಾವ ಸಿದ್ಧಪಡಿಸುವುದೂ ಈ ಸುಮಾರಿಗೆ.
- ಫೆಬ್ರವರಿ, ಮಾರ್ಚ್: ಬಜೆಟ್ ಮಂಡನೆ. ರಾಜ್ಯದಲ್ಲಿ 2024ರಲ್ಲಿ ಫೆಬ್ರವರಿ 16ಕ್ಕೆ, 2025ರಲ್ಲಿ ಮಾರ್ಚ್ 7ಕ್ಕೆ ಮಂಡನೆ ಆಯಿತು. ಫೆಬ್ರವರಿಯಲ್ಲಿ ಸಚಿವರನ್ನು ಕಾಣಲು ಹೋದರೆ ತಡವಾಗಿದೆ ಅಂತಲೇ ಲೆಕ್ಕ.

ಮಾರ್ಚ್ ತಿಂಗಳ ಬಗ್ಗೆ ಇನ್ನೊಂದು ಮಾತು. ಖರ್ಚಾಗದ ಹಣ 31ರೊಳಗೆ ಮುಗಿಸಬೇಕು ಅಂತ ಆಫೀಸುಗಳು ಗಡಿಬಿಡಿಯಲ್ಲಿರುತ್ತವೆ. ಕಾಗದಪತ್ರ ಸಿದ್ಧ ಇರುವ ತಂಡಕ್ಕೆ ಆಗ ಅಚಾನಕ್ಕಾಗಿ ಕೆಲಸ ಆಗುವುದುಂಟು. ಅದನ್ನೇ ನಂಬಿ ಕೂರಬೇಡಿ, ಫೈಲು ಮಾತ್ರ ಸಿದ್ಧವಿರಲಿ.

ಚುನಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀತಿ ಸಂಹಿತೆ ಜಾರಿಯಾದರೆ ಹೊಸ ಮಂಜೂರಾತಿ ನಿಲ್ಲುತ್ತದೆ. ಚುನಾಯಿತ ಸಮಿತಿ ಇಲ್ಲದ ಕಾಲವೂ ಬರುತ್ತದೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಂಥ ಸಮಯದಲ್ಲಿ ಸಹಿ ಹಾಕುವವರು ಆಡಳಿತಾಧಿಕಾರಿ. ಮನವಿಯೂ ಅವರ ಹೆಸರಿಗೇ ಹೋಗಬೇಕು.

## ಹಂತ 4: ಕಳೆದ ವರ್ಷದ ಲೆಕ್ಕ ತೆಗೆಸಿ

"ಹಣ ಇಲ್ಲ" ಅನ್ನುವ ಮಾತಿಗೆ ಉತ್ತರ ಕೊಡುವುದು ಈ ಕಾಗದ ಮಾತ್ರ. ನಗರಸಭೆಯ ಬಜೆಟ್ ಪುಸ್ತಕ, ಪಂಚಾಯಿತಿಯ ಕ್ರಿಯಾ ಯೋಜನೆ ಕೇಳಿ ಪಡೆಯಿರಿ. ರಾಜ್ಯದ ಬಜೆಟ್ ಪುಸ್ತಕಗಳು ಹಣಕಾಸು ಇಲಾಖೆಯ ಜಾಲತಾಣದಲ್ಲಿವೆ. ಅದರಲ್ಲಿ 2205 ಅನ್ನುವ ಲೆಕ್ಕಶೀರ್ಷಿಕೆ ಹುಡುಕಿ. ಕಲೆ ಮತ್ತು ಸಂಸ್ಕೃತಿಯ ಖರ್ಚು ಅಲ್ಲಿದೆ. ಕಟ್ಟಡಗಳ ಬಂಡವಾಳ ವೆಚ್ಚ 4202ರ ಕೆಳಗೆ ಬರುತ್ತದೆ.

ಸಿಗದೇ ಇದ್ದದ್ದಕ್ಕೆ 2005ರ ಮಾಹಿತಿ ಹಕ್ಕು ಅಧಿನಿಯಮ ಇದೆ. 10 ರೂ. ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉದ್ದುದ್ದ ಬರೆದರೆ ಅದೇ ನೆಪದಲ್ಲಿ ವಾಪಸು ಬರುತ್ತದೆ. ಹೀಗೆ ಕೇಳಿ: "ಕಳೆದ 3 ವರ್ಷಗಳಲ್ಲಿ ಸಾಂಸ್ಕೃತಿಕ ಚಟುವಟಿಕೆಗಳಿಗೆ ನಿಗದಿಯಾದ ಮೊತ್ತ, ಖರ್ಚಾದ ಮೊತ್ತ, ಫಲಾನುಭವಿಗಳ ಪಟ್ಟಿಯ ಪ್ರತಿ ಕೊಡಿ." ಉತ್ತರಕ್ಕೆ 30 ದಿನ. ಬರದಿದ್ದರೆ ಮೇಲ್ಮನವಿ.

"ಯಾಕೆ ಕೊಡಲಿಲ್ಲ?" ಅಂತ ಕೇಳಬೇಡಿ. ಈ ಕಾಯ್ದೆಯಲ್ಲಿ ಇರುವ ದಾಖಲೆ ಸಿಗುತ್ತದೆ, ವಿವರಣೆ ಸಿಗುವುದಿಲ್ಲ. ಬಂದ ಉತ್ತರವನ್ನು ತಕ್ಷಣ ಫೇಸ್‌ಬುಕ್‌ಗೆ ಹಾಕುವುದೂ ಬೇಡ. ಮೊದಲು ಅದೇ ಅಧಿಕಾರಿಯ ಎದುರು ಕೂತು ತೋರಿಸಿ. ನಿಗದಿಯಾದ ಹಣ ಖರ್ಚಾಗದೆ ಉಳಿದಿದೆ ಅಂತ ಅವರದೇ ಕಾಗದದಲ್ಲಿದ್ದರೆ ಮಾತು ಬೇರೆ ಧಾಟಿಗೆ ತಿರುಗುತ್ತದೆ.

## ಹಂತ 5: ಕಲಾವಿದರಲ್ಲದವರ ಸಹಿ ಹಾಕಿಸಿ

ಕಲಾವಿದರೇ ಕಲೆಗೆ ದುಡ್ಡು ಕೇಳಿದರೆ ಅದು ಸ್ವಂತದ ಬೇಡಿಕೆಯಂತೆ ಕಾಣುತ್ತದೆ. ಶಾಲೆಯ ಮುಖ್ಯ ಶಿಕ್ಷಕರು, ಹಾಲಿನ ಡೇರಿ ಅಧ್ಯಕ್ಷರು, ಸ್ತ್ರೀಶಕ್ತಿ ಸಂಘದವರು, ಆಶಾ ಕಾರ್ಯಕರ್ತೆ, ಜಾತ್ರೆಯಲ್ಲಿ ಮಂಡಕ್ಕಿ ಮಾರುವವರು ಸಹಿ ಹಾಕಿದರೆ ಅದು ಊರಿನ ಬೇಡಿಕೆ ಆಗುತ್ತದೆ.

ಜೊತೆಗೆ ನಿಮ್ಮದೇ ಎಣಿಕೆ ಇರಲಿ. ಕಳೆದ ಸಲ ಆಟ ನೋಡಲು ಎಷ್ಟು ಜನ ಬಂದರು, ಅದರಲ್ಲಿ ಹೆಂಗಸರೆಷ್ಟು, ಸುತ್ತ ಎಷ್ಟು ಅಂಗಡಿ ಹಾಕಿದ್ದರು, ಶಿಬಿರದಲ್ಲಿ ಎಷ್ಟು ಮಕ್ಕಳಿದ್ದರು, ಅವರು ಯಾವ ಶಾಲೆಯವರು. ನೋಟ್‌ಬುಕ್ ಹಿಡಿದು ಎಣಿಸಿದ ಲೆಕ್ಕ ಸಾಕು. "ಸಾವಿರಾರು ಜನ" ಅಂತ ಬರೆಯಬೇಡಿ. ಪಂಚಾಯಿತಿ ಸದಸ್ಯರೂ ಆವತ್ತು ಅಲ್ಲೇ ಕೂತು ನೋಡಿರುತ್ತಾರೆ.

ಊರಲ್ಲಿ ಎರಡು ತಂಡ ಇದ್ದು ಮಾತು ಬಿಟ್ಟಿದ್ದರೆ ಈ ಕೆಲಸಕ್ಕಾದರೂ ಒಂದಾಗಿ. ಒಂದೇ ವಾರದಲ್ಲಿ ಎರಡು ತಂಡ ಬೇರೆ ಬೇರೆ ಮನವಿ ಕೊಟ್ಟರೆ "ನೀವೇ ಮೊದಲು ಬಗೆಹರಿಸಿಕೊಳ್ಳಿ" ಅನ್ನುವ ಸುಲಭದ ದಾರಿ ಅಧಿಕಾರಿಗೆ ಸಿಗುತ್ತದೆ. ಇದರಿಂದ ಹಾಳಾದ ಮನವಿಗಳು ಒಂದೆರಡಲ್ಲ.

## ಹಂತ 6: ಮನವಿ ಒಂದೇ ಪುಟ

ಸಂಸ್ಕೃತಿಯ ತವರು, ಗಂಡು ಮೆಟ್ಟಿದ ನಾಡು ಅಂತ ಶುರು ಮಾಡಿದರೆ ಓದುವವರು ಎರಡನೇ ಸಾಲಿಗೇ ಪುಟ ತಿರುಗಿಸುತ್ತಾರೆ. ವಿಷಯದ ಸಾಲು ಹೀಗಿರಲಿ:

"ವಿಷಯ: ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ನಮ್ಮ ಊರಿನ ಬಯಲು ರಂಗಮಂದಿರಕ್ಕೆ ಬಣ್ಣದ ಕೋಣೆ ಮತ್ತು ವಿದ್ಯುತ್ ಸಂಪರ್ಕ ಸೇರಿಸುವ ಬಗ್ಗೆ."

ಆಮೇಲೆ ಮೂರು ಪ್ಯಾರಾ. ಈಗ ಏನು ತೊಂದರೆ, ಯಾರಿಗೆ. ಏನು ಮಾಡಬೇಕು, ಅಂದಾಜು ಎಷ್ಟು. ಯಾವ ಲೆಕ್ಕದಿಂದ ಆಗಬಹುದು, ಊರಿನವರ ಪಾಲು ಏನು. ಕೊನೆಯದು ಮುಖ್ಯ. ಶ್ರಮದಾನ, ಕುರ್ಚಿ, ಊಟ, ನಂತರದ ನಿರ್ವಹಣೆ, ಏನಾದರೊಂದು ನಿಮ್ಮ ಕಡೆಯಿಂದ ಇರಲಿ.

ಅಂದಾಜು ಪಟ್ಟಿ ಬೇರೆ ಹಾಳೆಯಲ್ಲಿ. ಒಂದು ರಾತ್ರಿಯ ಬಯಲಾಟಕ್ಕಾದರೆ ಧ್ವನಿವರ್ಧಕ, ದೀಪ, ವೇದಿಕೆ, ಬಣ್ಣದವರು, ವೇಷಭೂಷಣ ಬಾಡಿಗೆ, ಹಿಮ್ಮೇಳ, ಪಾತ್ರಧಾರಿಗಳ ಸಂಭಾವನೆ, ಊಟ, ಪ್ರಯಾಣ, ಒಂದೊಂದಕ್ಕೂ ಮೊತ್ತ ಬರೆಯಿರಿ. ಒಟ್ಟು 38,500 ಬಂದರೆ ಅಷ್ಟೇ ಬರೆಯಿರಿ. ದುಂಡಗೆ 1 ಲಕ್ಷ ಅಂತ ಬರೆದು "ಅರ್ಧ ಕೊಟ್ಟರೂ ಸಾಕು" ಅಂತ ಲೆಕ್ಕ ಹಾಕುವುದು ಹಳೇ ಚಾಳಿ. ನೋಡುವವರಿಗೂ ಅದು ಗೊತ್ತು. ಸಂಭಾವನೆಯ ಸಾಲನ್ನು ಮಾತ್ರ ಬಿಡಬೇಡಿ. "ಕಲಾವಿದರು ಉಚಿತವಾಗಿ ಮಾಡ್ತಾರೆ" ಅಂತ ಒಂದು ಸಲ ಬರೆದುಕೊಟ್ಟರೆ ಮುಂದಿನ ವರ್ಷವೂ ಅದೇ ದರ.

## ಹಂತ 7: ಸಭೆಯಲ್ಲಿ ಮಾತಾಡಿ, ನಡಾವಳಿಯಲ್ಲಿ ಬರೆಸಿ

ಗ್ರಾಮ ಸಭೆಗೆ ಮೊದಲು ವಾರ್ಡ್ ಸಭೆ ಇರುತ್ತದೆ. ಅಲ್ಲಿಂದ ಬಂದ ಬೇಡಿಕೆಗಳನ್ನೇ ಮೇಲೆ ಪರಿಗಣಿಸುವುದು. ನೇರ ಗ್ರಾಮ ಸಭೆಗೆ ಹೋದವರಿಗೆ "ವಾರ್ಡಿನಲ್ಲಿ ಹೇಳಬೇಕಿತ್ತು" ಅಂತ ಉತ್ತರ ಸಿಗುತ್ತದೆ. ದಿನಾಂಕವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿಕೊಂಡು ಹತ್ತು ಹದಿನೈದು ಜನ ಹೋಗಿ. ಅದರಲ್ಲಿ ಹೆಣ್ಣುಮಕ್ಕಳೂ ಇರಲಿ. ಮಾತಾಡುವವರು ಒಬ್ಬರೇ, ಎರಡು ನಿಮಿಷ. ಹಾಡು, ಡೈಲಾಗ್ ಬೇಡ.

ಹೋಗುವ ಮುಂಚೆ ನಿಮ್ಮ ವಾರ್ಡ್ ಸದಸ್ಯರನ್ನು ಮನೆಯಲ್ಲೇ ಕಂಡು ವಿಷಯ ಹೇಳಿ. ಸಭೆಯಲ್ಲಿ ಅವರಿಗೆ ಅದು ಹೊಸ ಸುದ್ದಿ ಆಗಬಾರದು. "ಊರಲ್ಲಿ ಚರಂಡಿ ಇಲ್ಲ, ಇವರಿಗೆ ನಾಟಕ ಬೇಕಂತೆ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅದಕ್ಕೆ ಜಗಳ ಬೇಡ. ಚರಂಡಿ ಹಣ ಬೇರೆ ಲೆಕ್ಕದ್ದು, ನಾವು ಕೇಳುತ್ತಿರುವುದು ಇಂಥ ಲೆಕ್ಕದ್ದು ಅಂತ ಕಾಗದ ತೋರಿಸಿ. ಹಂತ 4 ಮಾಡಿದ್ದರೆ ಇಲ್ಲಿ ನಿಮಗೆ ಉತ್ತರ ಇದೆ.

ಸಭೆ ಮುಗಿಯುವ ಮುಂಚೆ ನಡಾವಳಿ ಪುಸ್ತಕದಲ್ಲಿ ಬೇಡಿಕೆ ದಾಖಲಾಗಿದೆಯೇ ನೋಡಿ. ಎಲ್ಲರೂ ಚಪ್ಪಾಳೆ ತಟ್ಟಿ, ಅಧ್ಯಕ್ಷರು "ಖಂಡಿತ ಮಾಡೋಣ" ಅಂದು, ಪುಸ್ತಕದಲ್ಲಿ ಒಂದಕ್ಷರವೂ ಇಲ್ಲದ ಸಭೆಗಳು ಬಹಳ. ನಡಾವಳಿಯ ಪ್ರತಿ ಕೇಳಿ ಪಡೆಯಿರಿ.

ನಗರದವರಿಗೆ ಬಜೆಟ್ ಪೂರ್ವಭಾವಿ ಸಭೆಯೇ ವಾರ್ಡ್ ಸಭೆ. ಬಾಯಲ್ಲಿ ಹೇಳುವುದರ ಜೊತೆ ಲಿಖಿತ ಪ್ರತಿಯನ್ನೂ ಕೊಡಿ. ಒಂದು ವರ್ಷದ ಕಾರ್ಯಕ್ರಮಕ್ಕೆ ಮೊತ್ತ ಕೇಳುವುದಕ್ಕಿಂತ, ಬಜೆಟ್‌ನಲ್ಲಿ ಸ್ಥಳೀಯ ಕಲಾ ಚಟುವಟಿಕೆ ಅಂತ ಒಂದು ಪ್ರತ್ಯೇಕ ಬಾಬ್ತು ತೆರೆಸಲು ಪ್ರಯತ್ನಿಸಿ. ಮೊದಲ ವರ್ಷ ಅದರಲ್ಲಿ 50 ಸಾವಿರವಷ್ಟೇ ಇಟ್ಟರೂ ಪರವಾಗಿಲ್ಲ. ತೆರೆದ ಬಾಬ್ತನ್ನು ಮುಂದಿನ ಬಜೆಟ್‌ನಲ್ಲಿ ಏರಿಸುವುದು ಹೊಸದು ತೆರೆಸುವುದಕ್ಕಿಂತ ಸುಲಭ.

## ಹಂತ 8: ಕಡತದ ಹಿಂದೆ ನಡೆಯಿರಿ

ಪತ್ರ ಕೊಟ್ಟಾಗ ಸ್ವೀಕೃತಿ ಮುದ್ರೆ ಮತ್ತು ಇನ್‌ವರ್ಡ್ ನಂಬರ್ ಪಡೆಯಿರಿ. ಯಾವ ವಿಷಯ ನಿರ್ವಾಹಕರ ಬಳಿ ಹೋಗಿದೆ ಅಂತ ತಿಳಿದುಕೊಳ್ಳಿ. ಸಾಹೇಬರಿಗಿಂತ ಮೊದಲು ಟಿಪ್ಪಣಿ ಬರೆಯುವುದು ಅವರು. ಅವರಿಗೆ ಕಡಿಮೆ ಬಿದ್ದ ಕಾಗದ ಅದೇ ದಿನ ಕೊಟ್ಟರೆ ಅರ್ಧ ಕೆಲಸ ಆದಂತೆ. ಎರಡು ವಾರಕ್ಕೊಮ್ಮೆ ಒಬ್ಬರು ಹೋಗಿ ವಿಚಾರಿಸಿ. ಪ್ರತಿ ಸಲ ಹೋಗುವವರು ಒಬ್ಬರೇ ಇರಲಿ.

ಕಡತ ನಿಂತೇಬಿಟ್ಟಿದ್ದರೆ ಮೇಲಿನ ಮೆಟ್ಟಿಲು ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆ. ತಾಲ್ಲೂಕಿನದ್ದು ಶಾಸಕರ ಅಧ್ಯಕ್ಷತೆಯಲ್ಲಿ, ಜಿಲ್ಲೆಯದ್ದು ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಅಲ್ಲಿ ನಿಮ್ಮ ವಿಷಯ ಕೇಳುವಂತೆ ಶಾಸಕರಿಗೆ ಒಂದು ಚೀಟಿ ಕೊಡಿ: ಕಡತದ ಸಂಖ್ಯೆ, ದಿನಾಂಕ, ಯಾವ ಮೇಜಿನಲ್ಲಿದೆ. ಶಾಲು ಹೊದಿಸಿ ಕೊಡುವ ಮನವಿಗಿಂತ ಈ ಚೀಟಿ ಕೆಲಸ ಮಾಡುತ್ತದೆ. ಪೇಪರಿಗೆ ಹೋಗುವುದು ಇದಾದ ಮೇಲೆ.

## ಹಂತ 9: ಹಣ ಬಂದ ಮೇಲೆ

ಎಷ್ಟೋ ತಂಡಗಳಿಗೆ ಎರಡನೇ ಸಲ ಹಣ ಸಿಗದೇ ಇರುವುದಕ್ಕೆ ಕಾರಣ ಮೊದಲನೇ ಸಲದ ಲೆಕ್ಕ. ಬಂದ ಹಣ ಸಂಘದ ಖಾತೆಯಿಂದಲೇ ಖರ್ಚಾಗಬೇಕು. ಕಲಾವಿದರಿಗೆ ಬ್ಯಾಂಕ್ ಮೂಲಕ ಕೊಡಿ. ನಗದು ಕೊಟ್ಟರೆ ಸಹಿ ಇರುವ ರಸೀದಿ ಬೇಕು. ವಾದ್ಯ, ಬಟ್ಟೆ ಖರೀದಿಗೆ ಮೂರು ಕಡೆಯ ದರಪಟ್ಟಿ ಇರಲಿ. ಬಿಲ್ಲಿನ ಮೇಲೆ ಸಂಘದ ಹೆಸರಿರಲಿ, ಅಧ್ಯಕ್ಷರ ಹೆಸರಲ್ಲ. ಬ್ಯಾನರ್‌ನಲ್ಲಿ ನೆರವು ಕೊಟ್ಟ ಇಲಾಖೆಯ ಹೆಸರು ಕಾಣುವಂತೆ ಫೋಟೊ ತೆಗೆಯಿರಿ.

ಕಾರ್ಯಕ್ರಮ ಮುಗಿದ ತಿಂಗಳೊಳಗೆ ಹಣ ಬಳಕೆ ಪ್ರಮಾಣಪತ್ರ (ಕೊಟ್ಟ ಕೆಲಸಕ್ಕೇ ಹಣ ಖರ್ಚಾಗಿದೆ ಅನ್ನುವ ಪತ್ರ), ಆಡಿಟರ್ ಸಹಿ ಮಾಡಿದ ಖರ್ಚಿನ ಪಟ್ಟಿ, ಫೋಟೊ, ವರದಿ ಸಲ್ಲಿಸಿ. ಕೇಂದ್ರದ ಹಣವಾದರೆ ಬಳಕೆ ಪ್ರಮಾಣಪತ್ರಕ್ಕೆ ಜಿಎಫ್‌ಆರ್ 12-ಎ ಅನ್ನುವ ನಮೂನೆ ಇದೆ. ಉಳಿದ ಹಣವಿದ್ದರೆ ವಾಪಸು ಕಟ್ಟಿ. ಸುಳ್ಳು ಬಿಲ್ಲು ಹಾಕಿ ಸರಿದೂಗಿಸುವುದನ್ನು ಯಾರಾದರೂ ಕಲಿಸಿಕೊಟ್ಟರೆ ಕಲಿಯಬೇಡಿ.

## ಈ ಗುರುತು ಕಂಡರೆ ನಿಲ್ಲಿ

"ಇಷ್ಟು ಪರ್ಸೆಂಟ್ ಕೊಟ್ಟರೆ ಮಂಜೂರು ಮಾಡಿಸ್ತೀನಿ" ಅನ್ನುವ ಮಧ್ಯವರ್ತಿ ಬಂದರೆ ಬಾಗಿಲು ಹಾಕಿ. ಅವನಿಗೆ ಕೊಟ್ಟದ್ದಕ್ಕೆ ನೀವು ಲೆಕ್ಕ ಕೊಡಲಾರಿರಿ, ಮುಂದಿನ ಸಲ ಅವನಿಲ್ಲದೆ ಹೋಗಲಾರಿರಿ. ಕೆಲವರು ನಿಮ್ಮ ನೋಂದಣಿ ಪತ್ರ ಮಾತ್ರ ಕೇಳುತ್ತಾರೆ, "ಕಾರ್ಯಕ್ರಮ ನಾವೇ ತೋರಿಸ್ತೀವಿ" ಅನ್ನುತ್ತಾರೆ. ಅದು ಇನ್ನೂ ಅಪಾಯ. ತಪ್ಪಾದರೆ ಉತ್ತರಿಸಬೇಕಾದವರು ನೀವು.

ಬಾಯಿಮಾತಿನ ಭರವಸೆಯ ಮೇಲೆ ಕೈಗಡ ತೆಗೆದು ಕಾರ್ಯಕ್ರಮ ಮಾಡಬೇಡಿ. ಮಂಜೂರಾತಿ ಆದೇಶ ಕೈಗೆ ಬಂದ ಮೇಲೂ ಹಣ ಕಂತಿನಲ್ಲಿ, ಕೆಲವೊಮ್ಮೆ ಕಾರ್ಯಕ್ರಮ ಆದ ಎಷ್ಟೋ ತಿಂಗಳ ಮೇಲೆ ಬರುತ್ತದೆ. ಧ್ವನಿವರ್ಧಕದವರಿಗೆ, ಅಡುಗೆಯವರಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿ. ಒಪ್ಪದಿದ್ದರೆ ಕಾರ್ಯಕ್ರಮವನ್ನು ಚಿಕ್ಕದು ಮಾಡಿ.

"ಮುಂದಿನ ವರ್ಷ ನೋಡೋಣ" ಅಂದರೆ ಅದನ್ನು ಬರವಣಿಗೆಯಲ್ಲಿ ಕೇಳಿ. ಅನುದಾನದ ಕೊರತೆ ಅಂತಲೋ, ದಾಖಲೆ ಕಡಿಮೆ ಅಂತಲೋ ಒಂದು ಹಿಂಬರಹ ಸಿಕ್ಕರೂ ಸಾಕು. ದಾಖಲೆಯ ಕೊರತೆ ಇದ್ದರೆ ಮೇ ಒಳಗೆ ಸರಿಪಡಿಸಿ. ಅನುದಾನದ ಕೊರತೆ ಇದ್ದರೆ ಆ ಹಿಂಬರಹದ ಪ್ರತಿ ಲಗತ್ತಿಸಿ, ಅದೇ ಬೇಡಿಕೆಯನ್ನು ಅಕ್ಟೋಬರ್‌ನ ವಾರ್ಡ್ ಸಭೆಗೋ ಡಿಸೆಂಬರ್‌ನ ಬಜೆಟ್ ಪೂರ್ವಭಾವಿ ಸಭೆಗೋ ತೆಗೆದುಕೊಂಡು ಹೋಗಿ.